ಐದು ಲಕ್ಷ ಅಂಕಿಗಳಿಂದ ನಲವತ್ತು

ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿ, ಕೊಪ್ಪಿಗೆನ್ ಮತ್ತು ಉಟ್ಜೆನ್‌ಸ್ಟಾರ್ಫ್ ಎಂಬ ಊರುಗಳ ನಡುವೆ ಒಂದು ಮೇಲ್ಸೇತುವೆ ಇತ್ತು. ಯಾರೂ ಹುಡುಕಿಕೊಂಡು ಹೋಗಿ ನೋಡುವಂಥದ್ದಲ್ಲ. 1963ರಲ್ಲಿ ಕಟ್ಟಿದ ಕಾಂಕ್ರೀಟ್ ಸೇತುವೆ. ನಡುವಿನ ಅಂಕಣ 30 ಮೀಟರ್, ಎರಡೂ ಬದಿಗೆ ತಲಾ 14 ಮೀಟರ್, ಕೆಳಗೆ ಎ1 ಹೆದ್ದಾರಿ. ದಾಖಲೆಗಳಲ್ಲಿ ಅದರ ಹೆಸರು ಝಡ್24. ಹೆದ್ದಾರಿಯ ಪಕ್ಕದಲ್ಲಿ ಹೊಸ ರೈಲು ಮಾರ್ಗ ಹಾಯಬೇಕಿತ್ತು, ಅದಕ್ಕೆ ಬದಿಯ ಅಂಕಣ ಸಾಲುತ್ತಿರಲಿಲ್ಲ. ಹಾಗಾಗಿ 1998ರ ಕೊನೆಗೆ ಸೇತುವೆಯನ್ನು ಕೆಡವಿದರು. ಹೇಗಿದ್ದರೂ ಕೆಡವಬೇಕಾದ ಸೇತುವೆ ಎಂಜಿನಿಯರುಗಳ ಕೈಗೆ ಸಿಗುವುದು ಅಪರೂಪ. 1997ರ ನವೆಂಬರಿನಿಂದ ಸುಮಾರು ಹತ್ತು ತಿಂಗಳ ಕಾಲ, ಗಂಟೆಗೊಮ್ಮೆ, ಅಲುಗಾಟ ಅಳೆಯುವ ಎಂಟು ಸೆನ್ಸರುಗಳು ಸೆಕೆಂಡಿಗೆ ನೂರರಂತೆ ತಲಾ 65,536 ಅಳತೆಗಳನ್ನು ಬರೆದುಕೊಂಡವು. ಜೊತೆಗೆ ಗಾಳಿ, ತೇವ, ಕಾಂಕ್ರೀಟು ಮತ್ತು ಡಾಂಬರಿನ ಉಷ್ಣತೆಯ ಲೆಕ್ಕ ಬೇರೆ. ಅಲುಗಾಟದ ಅಂಕಿಗಳನ್ನಷ್ಟೇ ಹಿಡಿದರೂ ಗಂಟೆಗೆ 5,24,288, ದಿನಕ್ಕೆ ಒಂದೂಕಾಲು ಕೋಟಿ. ಕೊನೆಯ ವಾರಗಳಲ್ಲಿ ಬೇಕೆಂದೇ ಸೇತುವೆಗೆ ಪೆಟ್ಟು ಕೊಟ್ಟರು. ಒಂದು ಕಂಬವನ್ನು ಹಂತಹಂತವಾಗಿ 95 ಮಿಲಿಮೀಟರಿನವರೆಗೆ ಕೆಳಗಿಳಿಸಿದರು, ಕಾಂಕ್ರೀಟನ್ನು ಕಿತ್ತರು, ಒಳಗಿನ ಬಿಗಿದ ಉಕ್ಕಿನ ತಂತಿಗಳನ್ನು ಕತ್ತರಿಸಿದರು. ಪೆಟ್ಟು ಬಿದ್ದದ್ದು ಆ ಅಂಕಿಗಳಲ್ಲಿ ಕಾಣುತ್ತದೆಯೇ ಎಂಬುದು ಪ್ರಶ್ನೆ.

ಇಷ್ಟೊಂದು ಅಂಕಿಗಳ ಎದುರು ಕುಳಿತವರಿಗೆ ಮೊದಲು ಬರುವ ಆಲೋಚನೆ ದೊಡ್ಡ ಕಂಪ್ಯೂಟರಿನದು. ಆ ಆಲೋಚನೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಅಳತೆಗಳ ರಾಶಿ ದೊಡ್ಡದಾದಷ್ಟೂ ಕೆಲಸದ ತಿರುಳು ಇರುವುದು ಏನನ್ನು ಬಿಟ್ಟರೂ ಉತ್ತರ ಬದಲಾಗುವುದಿಲ್ಲ ಎಂದು ಕಂಡುಕೊಳ್ಳುವುದರಲ್ಲಿ. ಆ ಧೈರ್ಯ ಅಂಕಿಗಳಿಂದ ಬರುವುದಿಲ್ಲ. ಅಳೆಯುತ್ತಿರುವ ವಸ್ತು ಹೇಗೆ ನಡೆದುಕೊಳ್ಳುತ್ತದೆ ಎಂಬ ತಿಳಿವಳಿಕೆಯಿಂದ ಬರುತ್ತದೆ. ಸೇತುವೆಯ ವಿಷಯದಲ್ಲಿ ಆ ತಿಳಿವಳಿಕೆ ಸರಳ. ಯಾವ ಸೇತುವೆಯನ್ನಾದರೂ ತಟ್ಟಿ ಬಿಟ್ಟರೆ ಅದು ತನ್ನದೇ ಆದ ಕೆಲವು ಲಯಗಳಲ್ಲಿ ಅಲುಗಿ, ನಿಧಾನವಾಗಿ ಸುಮ್ಮನಾಗುತ್ತದೆ. ಪ್ರತಿಯೊಂದು ಲಯಕ್ಕೂ ಮೂರು ಗುಣಗಳು: ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಸಹಜ ಆವೃತ್ತಿ, ಅಲುಗಾಟ ಎಷ್ಟು ಬೇಗ ಆರುತ್ತದೆ ಎಂಬ ಲೆಕ್ಕ, ಆ ಲಯದಲ್ಲಿ ಸೇತುವೆ ಯಾವ ಭಾಗದಲ್ಲಿ ಎಷ್ಟು ಬಾಗುತ್ತದೆ ಎಂಬ ಆಕಾರ. ಬಿಗಿ ಕಡಿಮೆಯಾದರೆ ಆವೃತ್ತಿ ಇಳಿಯುತ್ತದೆ, ಒಂದೆಡೆ ಬಿರುಕು ಬಿಟ್ಟರೆ ಆಕಾರ ಬದಲಾಗುತ್ತದೆ. ಝಡ್24ರ ಮೊದಲ ಲಯ ಸೆಕೆಂಡಿಗೆ ಸುಮಾರು ನಾಲ್ಕು ಸಲ. ಹೀಗೆ ಸ್ಪಷ್ಟವಾಗಿ ಹಿಡಿಯಬಹುದಾದ ಲಯಗಳು ನಾಲ್ಕು ಎಂದುಕೊಳ್ಳಿ. ಒಂದೊಂದಕ್ಕೂ ಆವೃತ್ತಿ, ಆರುವ ವೇಗ, ಎಂಟು ಸೆನ್ಸರುಗಳ ಜಾಗದಲ್ಲಿ ಆಕಾರ, ಅಂದರೆ ಹತ್ತು ಸಂಖ್ಯೆ. ಒಟ್ಟು ನಲವತ್ತು. ಗಂಟೆಗೆ ಐದು ಲಕ್ಷ ಅಂಕಿ ಬಂದರೂ ನಮಗೆ ಬೇಕಾದದ್ದು ಇಷ್ಟೇ.

ತೊಡಕು ಇರುವುದು ಬೇರೆ ಕಡೆ. ಬಳಕೆಯಲ್ಲಿರುವ ಸೇತುವೆಯನ್ನು ತಟ್ಟಿ ನೋಡಲು ಬರುವುದಿಲ್ಲ. ಗಾಳಿ ತಳ್ಳುತ್ತದೆ, ಕಾರು, ಲಾರಿಗಳು ಒತ್ತುತ್ತವೆ, ಕೆಳಗಿನ ಹೆದ್ದಾರಿ ನೆಲವನ್ನೇ ನಡುಗಿಸುತ್ತದೆ. ಇದರಲ್ಲಿ ಯಾವ ಬಲ ಯಾವ ಕ್ಷಣ ಎಷ್ಟಿತ್ತೆಂದು ಅಳೆದವರಿಲ್ಲ. ಕಾರಣ ಗೊತ್ತಿಲ್ಲದೆ ಪರಿಣಾಮವನ್ನಷ್ಟೇ ನೋಡಿ ಸ್ವಭಾವ ಹೇಳಬೇಕು. ಇಲ್ಲಿ ಗಣಿತ ಒಂದು ಸೊಗಸಾದ ದಾರಿ ತೋರಿಸುತ್ತದೆ. ತಳ್ಳುವ ಬಲಕ್ಕೆ ಗೊತ್ತುಗುರಿ ಇಲ್ಲದಿದ್ದರೆ, ಈ ಕ್ಷಣದ ಬಲಕ್ಕೂ ಮುಂದಿನ ಕ್ಷಣದ ಬಲಕ್ಕೂ ಸಂಬಂಧವಿರುವುದಿಲ್ಲ. ಆದರೂ ಈಗಿನ ಅಲುಗಾಟಕ್ಕೂ ಕಾಲು ಸೆಕೆಂಡಿನ ನಂತರದ ಅಲುಗಾಟಕ್ಕೂ ಸಂಬಂಧ ಕಂಡುಬಂದರೆ, ಅದು ಬಲದಿಂದ ಬಂದದ್ದಲ್ಲ, ಸೇತುವೆಯೇ ತನ್ನೊಳಗೆ ಉಳಿಸಿಕೊಂಡ ನೆನಪು. ಎರಡು ಅಳತೆಗಳನ್ನು ಗುಣಿಸಿ, ಇಡೀ ದಾಖಲೆಯುದ್ದಕ್ಕೂ ಆ ಗುಣಲಬ್ಧಗಳ ಸರಾಸರಿ ತೆಗೆದರೆ ಆ ನೆನಪು ಮೇಲೆ ಬರುತ್ತದೆ. ಅಚ್ಚರಿಯೆಂದರೆ ಆ ಸರಾಸರಿಗಳನ್ನು ಕಾಲದ ಅಂತರಕ್ಕೆ ತಕ್ಕಂತೆ ಸಾಲಾಗಿ ಇಟ್ಟರೆ ಸಿಗುವ ರೇಖೆ, ಸೇತುವೆಯನ್ನು ತಟ್ಟಿ ಬಿಟ್ಟಾಗ ಕಾಣುವ ಆರುತ್ತ ಹೋಗುವ ಅಲುಗಾಟದಂತೆಯೇ ಇರುತ್ತದೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು 1990ರ ದಶಕದ ಆರಂಭದಲ್ಲಿ ಗಾಳಿಯಂತ್ರಗಳಿಗೆಂದು ಈ ಉಪಾಯವನ್ನು ರೂಢಿಗೆ ತಂದರು. ತಿರುಗುತ್ತಿರುವ ಗಾಳಿಯಂತ್ರವನ್ನೂ ತಟ್ಟಿ ನೋಡಲಾಗದು, ತಾನೆ!

ಈಗ ಲೆಕ್ಕ ನೋಡಿ. ಎಂಟು ಸೆನ್ಸರುಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಕಾಲದ ಅಂತರಕ್ಕೆ 64 ಸರಾಸರಿಗಳು. ಒಂದು ಸೆಕೆಂಡಿನವರೆಗಿನ ನೂರು ಅಂತರಗಳಿಗೆ 6,400. ಐದು ಲಕ್ಷ ಚಿಲ್ಲರೆ ಅಂಕಿಗಳು ಹೊಸ್ತಿಲಲ್ಲೇ ಎಂಬತ್ತರಲ್ಲಿ ಒಂದು ಪಾಲಾದವು. ಈ 6,400ನ್ನು ಪಡೆಯಲು ಹಳೆಯ ದಾಖಲೆಯನ್ನು ಕೂಡಿಡಬೇಕಾಗಿಯೂ ಇಲ್ಲ. ಒಬ್ಬ ಬ್ಯಾಟ್ಸ್‌ಮನ್‌ನ ಸರಾಸರಿಯನ್ನು ಇಂದಿನ ಪಂದ್ಯದ ನಂತರ ತಿದ್ದಲು ಹತ್ತು ವರ್ಷದ ಸ್ಕೋರ್‌ಕಾರ್ಡುಗಳನ್ನು ತೆರೆಯುವವರಿಲ್ಲ. ಒಟ್ಟು ರನ್ನು, ಔಟಾದ ಸಲ, ಎರಡು ಸಂಖ್ಯೆ ಸಾಕು. ಇಲ್ಲಿಯೂ ಅಷ್ಟೆ: ಹೊಸ ಅಳತೆ ಬಂದಾಗ ಕಳೆದ ಒಂದು ಸೆಕೆಂಡಿನ ಅಳತೆಗಳು ಕೈಯಲ್ಲಿದ್ದರೆ ಮೊತ್ತಗಳನ್ನು ತಿದ್ದಬಹುದು, ಅದಕ್ಕೂ ಹಿಂದಿನದನ್ನು ಅಳಿಸಿಬಿಡಬಹುದು. ದಾಖಲೆ ಹನ್ನೊಂದು ನಿಮಿಷದ್ದಾದರೂ ಹನ್ನೊಂದು ದಿನದ್ದಾದರೂ ಬೇಕಾದ ಜಾಗ ಒಂದೇ.

ಈ ಆಲೋಚನೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1801ರ ಜನವರಿ 1ರಂದು ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜ್ಜಿ ಸಿರಿಸ್ ಎಂಬ ಆಕಾಶಕಾಯವನ್ನು ಕಂಡರು. ಫೆಬ್ರವರಿ 11ರವರೆಗೆ ಅದನ್ನು ಹಿಂಬಾಲಿಸಿದ ಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಇಪ್ಪತ್ತನಾಲ್ಕರ ಹರೆಯದ ಕಾರ್ಲ್ ಫ್ರೆಡ್ರಿಕ್ ಗೌಸ್ ಆ ಕೆಲವೇ ಅಳತೆಗಳಿಂದ ಪಥವನ್ನು ಲೆಕ್ಕ ಹಾಕಿಕೊಟ್ಟರು, ವರ್ಷದ ಕೊನೆಗೆ ಸಿರಿಸ್ ಅವರು ಹೇಳಿದ ಕಡೆಯೇ ಸಿಕ್ಕಿತು. ಮೊದಲ ಪಥಕ್ಕೆ ಗೌಸ್ ಆಯ್ದುಕೊಂಡದ್ದು ಮೂರೇ ಅಳತೆ. ಸೂರ್ಯನನ್ನು ಸುತ್ತುವ ವಸ್ತು ಯಾವ ನಿಯಮಕ್ಕೆ ಒಳಪಟ್ಟಿದೆ ಎಂದು ಗೊತ್ತಿದ್ದದ್ದರಿಂದ ಮೂರು ಸಾಕಾಯಿತು. ಹೆಚ್ಚು ಅಳತೆಗಳಿದ್ದಾಗ ತಪ್ಪುಗಳನ್ನು ಹಂಚಿ ಕಡಿಮೆ ಮಾಡುವ ಕನಿಷ್ಠ ವರ್ಗಗಳ ವಿಧಾನವನ್ನು ಲೆಜಾಂಡ್ರ 1805ರಲ್ಲೂ ಗೌಸ್ 1809ರಲ್ಲೂ ಪ್ರಕಟಿಸಿದರು. ಮೊದಲು ಕಂಡವರು ಯಾರೆಂಬ ಜಗಳ ಆಗಲೇ ಶುರುವಾಯಿತು, ಅದು ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು 1820ರ ದಶಕದಲ್ಲಿ ಗೌಸ್ ಬರೆದ ಇನ್ನೊಂದು ಮಾತು: ಹೊಸ ಅಳತೆಯೊಂದು ಬಂದಾಗ ಇಡೀ ಲೆಕ್ಕವನ್ನು ಮತ್ತೆ ಮಾಡದೆ ಹಿಂದಿನ ಉತ್ತರವನ್ನೇ ತಿದ್ದಿಕೊಳ್ಳುವ ಸೂತ್ರ. 1960ರಲ್ಲಿ ರುಡಾಲ್ಫ್ ಕಾಲ್ಮನ್ ಅದೇ ಬಗೆಯ ತಿದ್ದುಪಡಿಯನ್ನು ಚಲಿಸುತ್ತಲೇ ಇರುವ ವಸ್ತುಗಳಿಗೆ ಹೊಂದಿಸಿದರು. ಅಪೊಲೊ ಯಾನದಲ್ಲಿ ನೌಕೆ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಅಂದಾಜು ಮಾಡಿದ್ದು ಆ ಲೆಕ್ಕವೇ. ಆ ನೌಕೆಯ ಕಂಪ್ಯೂಟರಿನಲ್ಲಿ ಅಳಿಸಿ ಬರೆಯಬಹುದಾದ ನೆನಪು 2,048 ಚಿಕ್ಕ ಸಂಖ್ಯೆಗಳಷ್ಟು ಮಾತ್ರ. ಜಾಗವಿದ್ದಿದ್ದರೆ ಎಲ್ಲ ಅಳತೆಗಳನ್ನೂ ಇಟ್ಟುಕೊಳ್ಳುತ್ತಿದ್ದರೇನೋ. ಇಟ್ಟುಕೊಂಡಿದ್ದರೂ ಉತ್ತರ ಉತ್ತಮವಾಗುತ್ತಿರಲಿಲ್ಲ.

6,400 ಸರಾಸರಿಗಳಿಂದ ನಲವತ್ತಕ್ಕೆ ಇಳಿಯುವ ಹೆಜ್ಜೆಯಲ್ಲಿ ಮಾತ್ರ ವಿವೇಚನೆ ಬೇಕು. ಆ ಸರಾಸರಿಗಳನ್ನು ಒಂದು ದೊಡ್ಡ ಚೌಕದಲ್ಲಿ ಸಾಲುಸಾಲಾಗಿ ಜರುಗಿಸಿ ಜೋಡಿಸುತ್ತಾರೆ. ಸೇತುವೆಯ ಲಯಗಳು ಕೆಲವೇ ಆದ್ದರಿಂದ ಆ ಚೌಕದ ಸಾಲುಗಳು ನಿಜವಾಗಿ ಸ್ವತಂತ್ರವಲ್ಲ. ಕೆಲವೇ ಮೂಲ ಸಾಲುಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಕೂಡಿಸಿದರೆ ಉಳಿದವೆಲ್ಲ ಬಂದುಬಿಡುತ್ತವೆ. ಆ ಮೂಲ ಸಾಲುಗಳು ಎಷ್ಟು ಎಂದು ಕಂಡುಹಿಡಿದರೆ ವ್ಯವಸ್ಥೆಯ ಗಾತ್ರ ತಿಳಿಯಿತು, ಅವು ಒಂದು ಕ್ಷಣದಿಂದ ಮುಂದಿನ ಕ್ಷಣಕ್ಕೆ ಹೇಗೆ ಬದಲಾಗುತ್ತವೆ ಎಂದು ನೋಡಿದರೆ ಆವೃತ್ತಿಯೂ ಆರುವ ವೇಗವೂ ಸಿಕ್ಕವು. 1966ರಲ್ಲಿ ಹೋ ಮತ್ತು ಕಾಲ್ಮನ್ ಇದರ ಗಣಿತ ಬರೆದರು. 1985ರಲ್ಲಿ ನಾಸಾದ ಜುವಾಂಗ್ ಮತ್ತು ಪಪ್ಪಾ ಅದನ್ನು ಗದ್ದಲ ತುಂಬಿದ ನಿಜವಾದ ಅಳತೆಗಳಿಗೆ ಒಗ್ಗಿಸಿದರು. ಗದ್ದಲದಿಂದಾಗಿ ನಾಲ್ಕು ಲಯಗಳ ಜಾಗದಲ್ಲಿ ಮೂವತ್ತು ಕಾಣಿಸುತ್ತವೆ. ಆಗ ಎಂಜಿನಿಯರು ಮಾದರಿಯ ಗಾತ್ರವನ್ನು ಬೇಕೆಂದೇ ಹಿಗ್ಗಿಸುತ್ತ ಹೋಗಿ, ಎಷ್ಟು ಹಿಗ್ಗಿಸಿದರೂ ಜಾಗ ಬಿಡದೆ ನಿಲ್ಲುವ ಲಯಗಳನ್ನು ಸೇತುವೆಯವೆಂದೂ, ಓಡಾಡುವ ಲಯಗಳನ್ನು ಗದ್ದಲದವೆಂದೂ ತೀರ್ಮಾನಿಸುತ್ತಾನೆ. ಈ ಕೆಲಸ ಇಂದು ಬಹುಮಟ್ಟಿಗೆ ತಾನಾಗಿಯೇ ನಡೆಯುತ್ತದೆ. ಆದರೂ ಯಾವುದೋ ಯಂತ್ರ ಸ್ಥಿರ ವೇಗದಲ್ಲಿ ತಿರುಗುತ್ತಿದ್ದರೆ ಅದರ ಲಯವೂ ಜಾಗ ಬಿಡದೆ ನಿಂತು ಸೇತುವೆಯದೆಂಬಂತೆ ನಟಿಸಬಲ್ಲದು. ಅನುಭವಿಯ ಕಣ್ಣು ಬೇಕಾಗುವುದು ಅಲ್ಲಿ.

ದೊಡ್ಡ ದತ್ತಾಂಶ ಎನ್ನುವಾಗ ಜನ ಅಂಕಿಗಳ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಅಂದಾಜಿನ ನಿಖರತೆಯನ್ನು ನಿರ್ಧರಿಸುವುದು ಮಾತ್ರ ಆ ಎಣಿಕೆಯಲ್ಲ, ನೋಡಿದ ಕಾಲ. ಕ್ಷೇತ್ರದಲ್ಲಿ ಒಂದು ರೂಢಿಯ ಸೂತ್ರವಿದೆ: ಅತಿ ನಿಧಾನವಾದ ಲಯದ ಒಂದು ಆಟಕ್ಕೆ ಹಿಡಿಯುವ ಹೊತ್ತಿನ ಸಾವಿರದಿಂದ ಎರಡು ಸಾವಿರ ಪಟ್ಟು ಕಾಲ ಅಳೆಯಬೇಕು. ಝಡ್24ರ ಒಂದು ಆಟಕ್ಕೆ ಕಾಲು ಸೆಕೆಂಡು. ಎರಡು ಸಾವಿರ ಪಟ್ಟು ಎಂದರೆ ಎಂಟು ನಿಮಿಷದ ಆಸುಪಾಸು. ಅಲ್ಲಿ ಪ್ರತಿ ಸಲ ಅಳೆದದ್ದು ಹನ್ನೊಂದು ನಿಮಿಷ, ಆ ಅವಧಿ ಸುಮ್ಮನೆ ಬಂದದ್ದಲ್ಲ. ಹತ್ತು ಸೆಕೆಂಡಿಗೊಮ್ಮೆ ತೂಗುವ ಉದ್ದನೆಯ ತೂಗುಸೇತುವೆಗೆ ಅದೇ ಸೂತ್ರ ಹಚ್ಚಿದರೆ ಐದೂವರೆ ಗಂಟೆ ಬೇಕಾಗುತ್ತದೆ. ಸೆಕೆಂಡಿಗೆ ನೂರರ ಬದಲು ಸಾವಿರ ಸಲ ಅಳೆದರೆ ಅಂಕಿಗಳು ಹತ್ತು ಪಟ್ಟು ಆಗುತ್ತವೆ, ಸೇತುವೆ ಅಷ್ಟರಲ್ಲಿ ಹೆಚ್ಚಿಗೆ ಒಂದು ಸಲವೂ ಅಲುಗಿರುವುದಿಲ್ಲ. ಕಾಲವನ್ನು ಹೆಚ್ಚಿಸುವುದರ ಫಲವೂ ನಿಧಾನ: ತಪ್ಪನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಹೊತ್ತು ಬೇಕು, ಮತ್ತೆ ಅರ್ಧಕ್ಕೆ ಹದಿನಾರು ಪಟ್ಟು. ಆವೃತ್ತಿ ಬೇಗ ಕೈಗೆ ಸಿಗುತ್ತದೆ. ಅಲುಗಾಟ ಆರುವ ವೇಗ ಮಾತ್ರ ಕೊನೆಯವರೆಗೂ ಸತಾಯಿಸುತ್ತದೆ.

ನೆನಪಿನ ಚಿಪ್ ಅಗ್ಗವಾಗಿರುವಾಗ ಎಲ್ಲವನ್ನೂ ಇಟ್ಟುಕೊಂಡರೆ ನಷ್ಟವೇನು ಎಂದು ಕೇಳಬಹುದು. ಇಡಲು ದುಡ್ಡು ಬೇಡದಿರಬಹುದು, ಸಾಗಿಸಲು ಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದವರು ತಂತಿಯಿಲ್ಲದ 64 ಸೆನ್ಸರ್ ಪೆಟ್ಟಿಗೆಗಳನ್ನು ಹರಡಿದ್ದರು. ಒಂದೊಂದೂ ಸೆಕೆಂಡಿಗೆ ಸಾವಿರ ಸಲ ಅಳೆಯುತ್ತಿತ್ತು. ಒಂದು ಪೆಟ್ಟಿಗೆಯ ಮಾತನ್ನು ಪಕ್ಕದ್ದು ಕೇಳಿ ಮುಂದಿನದಕ್ಕೆ ದಾಟಿಸುತ್ತಿತ್ತು. ತುತ್ತತುದಿಯ ಪೆಟ್ಟಿಗೆಯಿಂದ ಹೀಗೆ 46 ನೆಗೆತ ನೆಗೆದು ಬರುವಾಗ ಸೆಕೆಂಡಿಗೆ ಬರೀ 441 ಬೈಟ್ ದಾಟುತ್ತಿತ್ತು. ಒಂದು ಅಳತೆಗೆ ಎರಡೇ ಬೈಟ್ ಎಂದುಕೊಂಡರೂ ಒಂದು ಸೆನ್ಸರಿನ ಒಂದು ಸೆಕೆಂಡಿನ ಅಳತೆಗಳೇ 2,000 ಬೈಟ್. ಅಳೆದಷ್ಟನ್ನು ಅಳೆದ ಹೊತ್ತಿನಲ್ಲೇ ಕಳಿಸುವುದು ಸಾಧ್ಯವೇ ಇರಲಿಲ್ಲ. ಬ್ಯಾಟರಿಯ ಮೇಲೆ ಬದುಕುವ ಇಂಥ ಪೆಟ್ಟಿಗೆಗೆ ಲೆಕ್ಕ ಮಾಡುವುದಕ್ಕಿಂತ ರೇಡಿಯೊದಲ್ಲಿ ಮಾತಾಡುವುದೇ ದುಬಾರಿ. ಅಲ್ಲೇ ಮೊತ್ತ ಹಾಕಿ, ಮೊತ್ತವನ್ನು ಮಾತ್ರ ಕಳಿಸಿದರೆ ಅದೇ ಬ್ಯಾಟರಿ ಎಷ್ಟೋ ಹೆಚ್ಚು ದಿನ ಬಾಳುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಝಡ್24ರ ಅಂಕಿಗಳಿಂದಲೇ ಬಂತು. ಸೇತುವೆಗೆ ಯಾರೂ ಕೈ ಹಚ್ಚದಿದ್ದ ತಿಂಗಳುಗಳಲ್ಲೇ ಅದರ ಆವೃತ್ತಿಗಳು ಶೇಕಡಾ 14ರಿಂದ 18ರಷ್ಟು ಏರಿಳಿದಿದ್ದವು. ಚಳಿ ಸೊನ್ನೆಗಿಂತ ಕೆಳಗಿಳಿದಾಗ ಮೇಲಿನ ಡಾಂಬರು ಗಡುಸಾಗಿ ಸೇತುವೆಗೆ ಬಿಗಿ ಹೆಚ್ಚುತ್ತಿತ್ತು, ಆವೃತ್ತಿ ಜಿಗಿಯುತ್ತಿತ್ತು. ಕಂಬ ಕುಸಿದಾಗಿನ ಬದಲಾವಣೆ ಇದಕ್ಕಿಂತ ಚಿಕ್ಕದು. ಹಿಮವಿಲ್ಲದ ನಾಡುಗಳಿಗೆ ಈ ಕಾಟವಿಲ್ಲ ಎನ್ನುವಂತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದ ಒಣ ಬಿಸಿಲಿನಲ್ಲಿರುವ ಅಲಮೋಸ ಕ್ಯಾನ್ಯನ್ ಸೇತುವೆಯ ಮೊದಲ ಆವೃತ್ತಿ ಒಂದೇ ದಿನದ ಬೆಳಗು ರಾತ್ರಿಯೊಳಗೆ ಸುಮಾರು ಶೇಕಡಾ 5ರಷ್ಟು ಆಚೀಚೆಯಾಗುತ್ತಿತ್ತು. ಹಾಗಾದರೆ ನಲವತ್ತು ಸಂಖ್ಯೆಗಳಿಗೆ ಇಳಿಸಿದ್ದೇ ತಪ್ಪಾಯಿತೇ, ಎಲ್ಲ ಅಂಕಿಗಳನ್ನೂ ಉಳಿಸಿಕೊಂಡಿದ್ದರೆ ಪೆಟ್ಟು ಬೇರೆಯಾಗಿ ಕಾಣುತ್ತಿತ್ತೇ? ಇಲ್ಲ. ಲೆಕ್ಕದಲ್ಲಿ ಕೊರತೆಯಿದ್ದದ್ದು ಅಲುಗಾಟದ ಅಂಕಿಗಳದ್ದಲ್ಲ, ಉಷ್ಣತೆಯದ್ದು. ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ಬಾರ್ಟ್ ಪೀಟರ್ಸ್ ಮತ್ತು ಗೀಡೊ ಡಿ ರೋಕ್ ಗಂಟೆಗೊಂದರಂತೆ ಬಂದ ಆವೃತ್ತಿಗಳನ್ನೇ ಹೊಸ ಅಳತೆಯಾಗಿ ಹಿಡಿದು, ಉಷ್ಣತೆಯಿಂದ ಆವೃತ್ತಿಗೆ ಇನ್ನೊಂದು ಮಾದರಿ ಕಟ್ಟಿದರು. ಕಾಂಕ್ರೀಟು ಬಿಸಿಯಾಗಲು ಹೊತ್ತು ಹಿಡಿಯುವುದರಿಂದ ಈ ಗಂಟೆಯ ಉಷ್ಣತೆಯ ಜೊತೆ ಹಿಂದಿನ ಗಂಟೆಗಳದ್ದನ್ನೂ ಸೇರಿಸಬೇಕಾಯಿತು. ಮಾದರಿ ಹೇಳಿದ ಮಿತಿಗಳನ್ನು ದಾಟಿ ಆವೃತ್ತಿ ಕೆಳಗಿಳಿದಾಗ ಪೆಟ್ಟು ಬಯಲಾಯಿತು. ಕೋಟಿಗಟ್ಟಲೆ ಅಂಕಿಗಳಿಂದ ಈ ಲೆಕ್ಕ ಶುರುವಾಗಿದ್ದರೆ ಯಾವುದರ ಮೇಲೆ ಯಾವುದು ಅವಲಂಬಿಸಿದೆ ಎಂದು ನೋಡಲೂ ಆಗುತ್ತಿರಲಿಲ್ಲ.

ಇಂದಿನವರು ಇಲ್ಲಿ ಕೃತಕ ಬುದ್ಧಿಮತ್ತೆಯ ಮಾತು ತೆಗೆಯುತ್ತಾರೆ: ಭೌತಶಾಸ್ತ್ರದ ಹಂಗಿಲ್ಲದೆ, ಅಂಕಿಗಳೆಲ್ಲವನ್ನೂ ಯಂತ್ರಕ್ಕೆ ಉಣಿಸಿ ಮಾಮೂಲು ಯಾವುದು, ಅಲ್ಲದ್ದು ಯಾವುದು ಎಂದು ಕಲಿಸಬಹುದಲ್ಲ? ಕಲಿಸಬಹುದು, ಝಡ್24ರ ದಾಖಲೆಯ ಮೇಲೆಯೇ ಅನೇಕರು ಆ ಪ್ರಯೋಗ ಮಾಡಿದ್ದಾರೆ. ಆದರೆ ಬೇಸಿಗೆಯ ದತ್ತಾಂಶದಿಂದ ಮಾತ್ರ ಕಲಿತ ಯಂತ್ರ ಮೊದಲ ಹಿಮ ಬಿದ್ದ ದಿನ ಗಂಟೆ ಬಾರಿಸುತ್ತದೆ. ಬೇಸಿಗೆಯ ಅಳತೆಗಳನ್ನು ನೂರು ಪಟ್ಟು ಮಾಡಿದರೂ ಈ ಕುರುಡು ಹೋಗುವುದಿಲ್ಲ. ಬೇಕಾದದ್ದು ಬೇರೆಬೇರೆ ಸ್ಥಿತಿಗಳ ಅಳತೆ. ಯಾವ ಸ್ಥಿತಿಗಳು ಲೆಕ್ಕಕ್ಕೆ ಬರುತ್ತವೆ ಎಂದು ಹೇಳುವುದು ಮತ್ತೆ ಡಾಂಬರಿನ ಸ್ವಭಾವ ಬಲ್ಲವರೇ.

ಮಾದರಿಯನ್ನು ನಂಬಿ ಅಂಕಿಗಳನ್ನು ಬಿಡುವುದರ ನಿಜವಾದ ಅಪಾಯವನ್ನು ಲಂಡನ್ನಿನ ಮಿಲೇನಿಯಂ ಕಾಲ್ಸೇತುವೆ ತೋರಿಸಿದೆ. 2000ದ ಜೂನ್ 10ರಂದು ತೆರೆದ ಸೇತುವೆ ಜನರ ಹೆಜ್ಜೆಗೆ ಪಕ್ಕಕ್ಕೆ ತೂಗಾಡಿ ಎರಡೇ ದಿನದಲ್ಲಿ ಮುಚ್ಚಿತು. ಆ ವರ್ಷದ ಕೊನೆಯಲ್ಲಿ ಎಂಜಿನಿಯರುಗಳು ಒಂದು ಅಂಕಣದ ಮೇಲೆ ಜನರನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ನಡೆಸಿ ನೋಡಿದರು. 156 ಜನರವರೆಗೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, 166 ಆಗುತ್ತಲೇ ತೂಗಾಟ ಭರದಿಂದ ಬೆಳೆಯಿತು. ನಡೆಯುವವರು ಬೀಳದಿರಲು ತಮಗರಿಯದೆ ಸೇತುವೆಯ ತೂಗಾಟಕ್ಕೆ ಹೆಜ್ಜೆ ಹೊಂದಿಸಿಕೊಳ್ಳುತ್ತಿದ್ದರು, ಆ ಹೆಜ್ಜೆಗಳೇ ತೂಗಾಟಕ್ಕೆ ಬಲ ಕೊಡುತ್ತಿದ್ದವು. ನೂರೈವತ್ತು ಜನರಿದ್ದಾಗಿನ ಅಲುಗಾಟವನ್ನು ವರ್ಷವಿಡೀ ಅಳೆದು ಅದೇ ಮಾದರಿಯನ್ನು ಮುಂದಕ್ಕೆ ಎಳೆದಿದ್ದರೆ ಈ ತಿರುವು ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಅಂಕಿಗಳನ್ನು ಬಿಡುವವರು ಒಂದನ್ನು ಉಳಿಸಿಕೊಳ್ಳಬೇಕು: ಮಾದರಿ ಹೇಳಿದ್ದಕ್ಕೂ ಅಳೆದದ್ದಕ್ಕೂ ನಡುವಿನ ವ್ಯತ್ಯಾಸ. ಮಾದರಿ ಸರಿಯಿದ್ದರೆ ಆ ವ್ಯತ್ಯಾಸದಲ್ಲಿ ಯಾವ ಲಯವೂ ಯಾವ ನೆನಪೂ ಇರುವುದಿಲ್ಲ, ಬರೀ ಗದ್ದಲ. ಅದರಲ್ಲಿ ಲಯ ಕಾಣಿಸಿಕೊಂಡ ಗಂಟೆಯ ಕಚ್ಚಾ ದಾಖಲೆಯನ್ನು ಇಡಿಯಾಗಿ ಇಟ್ಟುಕೊಳ್ಳಲಿ, ಉಳಿದ ಸಾವಿರ ಗಂಟೆಗಳದ್ದು ಹೋಗಲಿ.

ಹೀಗೆಂದು ಈ ವಿಧಾನದ ಮೇಲೆ ಅದು ಹೊರಲಾರದ ಭಾರ ಹೊರಿಸಬಾರದು. ಬಿಗಿದ ಉಕ್ಕಿನ ತಂತಿಗಳಿರುವ ಸೇತುವೆಯಲ್ಲಿ ಒಂದೆರಡು ತಂತಿ ತುಕ್ಕು ಹಿಡಿದು ಹೋದರೂ ಕಾಂಕ್ರೀಟು ಬಾಯಿ ಬಿಡದಿರುವವರೆಗೆ ಬಿಗಿ ಅಷ್ಟೇ ಇರುತ್ತದೆ, ಆವೃತ್ತಿ ಬದಲಾಗುವುದಿಲ್ಲ. ಅಲುಗಾಟ ಅಲ್ಲಿ ಬಾಯಿ ಬಿಡದು. ನೀರಿನೊಳಗೆ ಕಂಬದ ಬುಡ ಕೊರೆದುಹೋಗುವುದೂ ತೀರ ಮುಂದುವರಿಯುವವರೆಗೆ ಮೇಲಿನ ಸೆನ್ಸರಿಗೆ ಕಾಣದಿರಬಹುದು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ಕುಸಿದಾಗ, ಸೆನ್ಸರ್ ಇದ್ದಿದ್ದರೆ ಮೊದಲೇ ತಿಳಿಯುತ್ತಿತ್ತು ಎನ್ನುವುದು ಸುಲಭ. ಸೇತುವೆ ಯಾವ ಬಗೆಯಲ್ಲಿ ಸೋತಿತು ಎಂದು ನೋಡದೆ ಹಾಗೆ ಹೇಳುವುದು ಸರಿಯಲ್ಲ. ಹೇಳಬಹುದಾದದ್ದು ಇಷ್ಟು: ಹಳೆಯ ಸೇತುವೆಗೆ ಇಂದು ಸೆನ್ಸರ್ ಹಚ್ಚಿದರೆ ಇಂದಿನ ಆವೃತ್ತಿ ಸಿಗುತ್ತದೆ, ಅದು ಕಟ್ಟಿದಾಗ ಎಷ್ಟಿತ್ತು ಎಂದು ತಿಳಿಯಲು ದಾರಿಯಿಲ್ಲ. ಹೊಸದಾಗಿ ಕಟ್ಟುವ ಸೇತುವೆಗಳಿಗಾದರೆ ಆ ತೊಂದರೆಯಿಲ್ಲ. ಸಂಚಾರ ಶುರುವಾದ ಮೊದಲ ವರ್ಷ, ಮಳೆಗಾಲ ಚಳಿಗಾಲ ಬೇಸಿಗೆ ಮೂರೂ ಒಳಗೊಳ್ಳುವಂತೆ, ಗಂಟೆಗೆ ನಲವತ್ತು ಸಂಖ್ಯೆ ಮತ್ತು ಆ ಹೊತ್ತಿನ ಉಷ್ಣತೆಯನ್ನು ಬರೆದಿಟ್ಟರೆ ವರ್ಷಕ್ಕೆ ಮೂರೂವರೆ ಲಕ್ಷ ಚಿಲ್ಲರೆ ಸಂಖ್ಯೆಗಳಾಗುತ್ತವೆ. ಝಡ್24ರ ಎಂಟು ಸೆನ್ಸರುಗಳು ಒಂದು ಗಂಟೆಯ ಸರದಿಯಲ್ಲಿ ಬರೆದದ್ದು ಅದಕ್ಕಿಂತ ಹೆಚ್ಚು.